ಸೋಗಿನ ಗಂಟು

ಅತ್ತಿಗೆಯ ಬಲಗೈಯಲ್ಲಿ ಗಂಟು ಎದ್ದಿದೆ ಎಂದು ನನಗೆ ಮೊದಲು ಹೇಳಿದವನು ಅಣ್ಣ. ಹೇಳಿದ್ದು ತಮಾಷೆಗೆ.

“ನಿಮ್ಮತ್ತಿಗೆ ಈಸ್ಟ್ ನುಂಗಿಬಿಟ್ಟಿದಾಳೆ ಕಣೋ. ಕೈ ಉಬ್ಬಿಕೊಂಡಿದೆ ನೋಡು.”

ಬೇಕರಿಯ ಹಿಂದಿನ ಕೋಣೆಯಲ್ಲಿ, ತಗಡು ಹೊದಿಸಿದ ಉದ್ದನೆಯ ಮೇಜಿನ ಮುಂದೆ ನಿಂತು ಅತ್ತಿಗೆ ಹಿಟ್ಟು ನಾದುತ್ತಿದ್ದರು. ಮೂಲೆಯಲ್ಲಿ ನಾದುವ ಯಂತ್ರವಿದೆ. ಆದರೆ ಕೊನೆಯ ನಾದು ಕೈಯಲ್ಲೇ ಆಗಬೇಕು ಎನ್ನುವುದು ಅವರ ಹಟ. ಯಂತ್ರಕ್ಕೆ ಶಕ್ತಿಯಿದೆ, ಅಂದಾಜಿಲ್ಲ ಎನ್ನುತ್ತಾರೆ. ಅಣ್ಣನ ಮಾತಿಗೆ ತಲೆಯೆತ್ತದೆಯೇ, “ಉಬ್ಬಿರೋದು ನನ್ನ ಕೈ, ಉದ್ದ ಆಗಿರೋದು ನಿಮ್ಮ ನಾಲಿಗೆ,” ಎಂದರು. ಆಮೇಲೆ ಹಿಟ್ಟು ಮೆತ್ತಿದ ತೋಳನ್ನು ನನ್ನ ಕಡೆ ಚಾಚಿದರು.

ಮೊಣಕೈಗಿಂತ ಸ್ವಲ್ಪ ಕೆಳಗೆ, ಒಳಭಾಗದಲ್ಲಿ, ಚರ್ಮದ ಅಡಿಗೆ ಗಂಟು. ದ್ರಾಕ್ಷಿಗಿಂತ ದೊಡ್ಡದು, ನಿಂಬೆಹಣ್ಣಿಗಿಂತ ಚಿಕ್ಕದು. ಬೆರಳಿನಿಂದ ಒತ್ತಿದೆ. ಗಟ್ಟಿಯಾಗಿತ್ತು. ಪಕ್ಕಕ್ಕೆ ತಳ್ಳಿದರೆ ಸರಿಯಲಿಲ್ಲ.

“ಯಾವಾಗಿಂದ ಇದು?”

“ಮೊನ್ನೆ ಮೊನ್ನೆವರೆಗೂ ಇರಲಿಲ್ಲಪ್ಪ. ಈಗ ಇದೆ.”

“ನೋಯತ್ತಾ?”

“ನಾದುವಾಗ ಸ್ವಲ್ಪ. ಏನದು? ಹೇಳಿ ಡಾಕ್ಟ್ರೇ.”

ನಾನು ಕೈ ಬಿಟ್ಟು, “ನಾಳೆ ಆಸ್ಪತ್ರೆಗೆ ಹೋಗೋಣ,” ಎಂದೆ. ಅಣ್ಣ ಒಲೆಯ ಬಾಗಿಲು ಮುಚ್ಚಿ ನನ್ನ ಮುಖ ನೋಡಿದ. ಇನ್ನೊಂದು ತಮಾಷೆ ಅವನ ಬಾಯಿಯ ತನಕ ಬಂದು ನಿಂತಿತು.

ನಾನು ಡಾಕ್ಟರೇನೋ ಹೌದು, ಆದರೆ ರೋಗಿಗಳನ್ನು ನೋಡುವ ಡಾಕ್ಟರಲ್ಲ. “ಇಷ್ಟು ವರ್ಷ ಓದಿಸಿದೆ, ಕೊನೆಗೆ ರೋಗಿ ಮುಖಾನೇ ನೋಡದಿರೋ ಡಾಕ್ಟರ್ ಆದ,” ಎಂದು ಅತ್ತಿಗೆ ಬೇಕರಿಗೆ ಬರುವ ಗಿರಾಕಿಗಳ ಮುಂದೆ ದೂರುತ್ತಿರುತ್ತಾರೆ. ದೂರಿನ ಒಳಗೆ ಹೆಮ್ಮೆ ಇರುತ್ತದೆ. ದೇಹದಿಂದ ತೆಗೆದ ಚೂರುಗಳು ನಮ್ಮ ಪ್ರಯೋಗಾಲಯಕ್ಕೆ ಬರುತ್ತವೆ. ಅವುಗಳನ್ನು ಮೇಣದಲ್ಲಿ ಹುದುಗಿಸಿ, ಕೂದಲಿಗಿಂತ ತೆಳ್ಳಗೆ ಸೀಳಿ, ಗಾಜಿನ ಮೇಲೆ ಹರಡಿ, ಗುಲಾಬಿ ಮತ್ತು ನೇರಳೆ ಬಣ್ಣ ಹಾಕುತ್ತಾರೆ. ಆ ಗಾಜನ್ನು ಮೈಕ್ರೋಸ್ಕೋಪಿನಲ್ಲಿ ನೋಡಿ ಇದು ಇಂಥ ಕಾಯಿಲೆ ಎಂದು ಹೇಳುವುದು ನಮ್ಮ ಕೆಲಸ. ಎಷ್ಟೋ ಜನರ ಹಣೆಬರಹವನ್ನು ನಾನು ಓದಿದ್ದೇನೆ. ಅವರಲ್ಲಿ ಒಬ್ಬರ ಹಣೆಯನ್ನೂ ನೋಡಿಲ್ಲ. ಅದು ನನಗೆ ಹಿಡಿಸಿತ್ತು. ಗಾಜು ಪ್ರಶ್ನೆ ಕೇಳುವುದಿಲ್ಲ, ಅಳುವುದಿಲ್ಲ. ನನ್ನಂಥವನಿಗೆ ಹೇಳಿ ಮಾಡಿಸಿದ ಮೌನ ಅಲ್ಲಿತ್ತು.

ಅಮ್ಮ ತೀರಿಕೊಂಡಾಗ ನಾನು ಇನ್ನೂ ಶಾಲೆಯಲ್ಲಿದ್ದೆ. ಮರುವರ್ಷ ಅತ್ತಿಗೆ ಬಂದರು. ಮನೆಯಲ್ಲಿ ಯಾರ ಜೊತೆಗೂ ಮಾತಾಡದ ಹುಡುಗನನ್ನು ಅವರು ಮಾತಾಡು ಎಂದು ಒತ್ತಾಯಿಸಲಿಲ್ಲ. ಪುಸ್ತಕ ತೆಗೆದುಕೊಂಡು ಬಂದು ನಾದುವ ಮೇಜಿನ ಆ ತುದಿಗೆ ಕೂತು ಗಟ್ಟಿಯಾಗಿ ಓದು ಎಂದರು, ಅಷ್ಟೇ. ನಾನು ಓದುತ್ತಿದ್ದೆ, ಅವರು ನಾದುತ್ತಿದ್ದರು. ಮೂಳೆಗಳ ಹೆಸರು, ನರಗಳ ಹೆಸರು ಎಲ್ಲ ಆ ಮೇಜಿನ ಮೇಲೆಯೇ ನನಗೆ ಬಾಯಿಪಾಠವಾದದ್ದು. ಅವರಿಗೂ ಆಗಿತ್ತು. ನಾನು ತಪ್ಪಿದರೆ ಅವರ ಕೈ ನಿಲ್ಲುತ್ತಿತ್ತು. ಅದರಿಂದಲೇ ನನಗೆ ತಪ್ಪು ಗೊತ್ತಾಗುತ್ತಿತ್ತು. ಆ ಕೈಗೆ ಈಗ ಗಂಟು.

ಅದರ ಮೇಲೆ, ನನ್ನ ಸಂಶೋಧನೆಯ ವಿಷಯವೂ ಇಂಥವೇ ಗಂಟುಗಳು. ಮಾಂಸ, ಕೊಬ್ಬು, ಸ್ನಾಯುಗಳ ನಡುವೆ ಹುಟ್ಟುವವು. ಅವುಗಳಲ್ಲಿ ಸಾರ್ಕೋಮಾ ಎಂಬ ಜಾತಿ ಕ್ಯಾನ್ಸರ್. ಇನ್ನೊಂದು ಜಾತಿಗೆ ಪುಸ್ತಕದಲ್ಲಿ ಉದ್ದದ ಹೆಸರಿದೆ. ನಮ್ಮ ಪ್ರಯೋಗಾಲಯದಲ್ಲಿ ಅದನ್ನು ‘ಸೋಗಿನ ಗಂಟು’ ಎನ್ನುತ್ತೇವೆ. ಅದು ದಿಢೀರನೆ ಎದ್ದು, ಭರಭರನೆ ಬೆಳೆದು, ಗಾಜಿನ ಮೇಲೂ ಥೇಟ್ ಕ್ಯಾನ್ಸರಿನ ವೇಷ ಹಾಕಿಕೊಂಡು ನಿಲ್ಲುತ್ತದೆ. ಆಮೇಲೆ ಬಣ್ಣ ಕಳಚಿ, ಬಂದ ಹಾಗೆಯೇ ತಾನಾಗಿ ಹೋಗಿಬಿಡುತ್ತದೆ. ಇವೆರಡನ್ನೂ ನೋಡುವವರು ಎಲ್ಲಿ, ಯಾಕೆ ಎಡವುತ್ತಾರೆ ಎಂಬುದೇ ನನ್ನ ಸಂಶೋಧನೆ. ಬೇರೆಯವರ ಎಡವಟ್ಟುಗಳನ್ನು ಎಣಿಸುತ್ತ ನಾನು ಹಾಯಾಗಿದ್ದೆ.

ಶಸ್ತ್ರಚಿಕಿತ್ಸೆಯ ಡಾಕ್ಟರು ದಪ್ಪ ಸೂಜಿ ಹಾಕಿ ಗಂಟಿನಿಂದ ಎರಡು ಎಳೆ ತೆಗೆದರು. ನನ್ನನ್ನು ಹೊರಗೆ ಕರೆದು, “ನಿನಗೆ ಸುಳ್ಳು ಹೇಳಲ್ಲ. ಸಾರ್ಕೋಮಾ ಆಗಿದ್ರೆ, ಅದು ಕೂತಿರೋ ಜಾಗ ಸರಿಯಿಲ್ಲ. ನರ, ರಕ್ತನಾಳ ಎಲ್ಲ ಅಲ್ಲೇ ಇವೆ. ಕೈ ಉಳಿಸೋದು ಕಷ್ಟ. ನಿಮ್ಮ ಮೇಡಂ ಏನಂತಾರೋ ನೋಡೋಣ,” ಎಂದರು.

ನಮ್ಮ ಮೇಡಂ ಎಂದರೆ ಪ್ರಯೋಗಾಲಯದ ಮುಖ್ಯಸ್ಥೆ. ಸಣ್ಣ ಆಕೃತಿ, ನರೆತ ಮೋಟು ಕೂದಲು, ಕೊರಳಲ್ಲಿ ದಾರಕ್ಕೆ ಕಟ್ಟಿದ ಕನ್ನಡಕ. ಅವರ ಮೇಜಿನ ಮೇಲೆ ಎರಡು ಕಡೆಯಿಂದ ಇಬ್ಬರು ಒಟ್ಟಿಗೆ ನೋಡಬಹುದಾದ ಮೈಕ್ರೋಸ್ಕೋಪ್ ಇದೆ. ಎದುರು ಕೂತ ಶಿಷ್ಯ ಏನು ಹೇಳಿದರೂ ಅವರು ಹ್ಞೂಂ ಎನ್ನುವುದಿಲ್ಲ, ಉಹ್ಞೂಂ ಎನ್ನುವುದೂ ಇಲ್ಲ. ಹಿರಿಯರ ಮುಖಭಾವ ನೋಡಿ ಕಿರಿಯರು ಉತ್ತರ ಹೊಂದಿಸಿಕೊಳ್ಳುತ್ತಾರಂತೆ. “ಮುಖ ನೋಡಿ ಮಣೆ ಹಾಕೋ ಕೆಲಸ ಅಲ್ಲ ನಮ್ದು. ಗಾಜು ನೋಡು, ನನ್ನನ್ನಲ್ಲ,” ಎನ್ನುತ್ತಾರೆ.

ಅಲ್ಲಿ ಒಂದು ಕಟ್ಟುಪಾಡಿತ್ತು. ತಮ್ಮವರ ಗಾಜನ್ನು ಯಾರೂ ನೋಡಬಾರದು. ಅತ್ತಿಗೆಯ ಚೂರು ಒಳಗೆ ಬಂದ ದಿನ ಮೇಡಂ ನನ್ನನ್ನು ಕರೆದು, “ನಿಮ್ಮತ್ತಿಗೇದು ಬಂದಿದೆ. ನಾನು ನೋಡ್ತೀನಿ. ನೀನು ನಿನ್ನ ಕೆಲಸ ನೋಡ್ಕೋ,” ಎಂದರು.

ಮೇಣದಿಂದ ಎಳೆ ಸೀಳುವ ನಮ್ಮ ತಂತ್ರಜ್ಞನನ್ನು ಎಲ್ಲರೂ ತೆಳು ಮಾಮ ಎನ್ನುತ್ತೇವೆ. ಆಳು ದಪ್ಪ, ಸೀಳುವ ಎಳೆ ತೆಳು. ಆ ಹೊತ್ತು ಅವರು ತಮ್ಮ ಬ್ಲೇಡಿನಿಂದ ಕಣ್ಣೆತ್ತದೆ, “ಹೋಗಪ್ಪ, ಕಾಫಿ ಕುಡ್ಕೊಂಡು ಬಾ. ಹಿಂಗೆ ಹೆರಿಗೆ ವಾರ್ಡಿನ ಗಂಡನ ಥರ ಓಡಾಡ್ತಿದ್ರೆ ನನ್ನ ಕೈ ನಡುಗತ್ತೆ,” ಎಂದರು.

ಮರುದಿನ ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋಗಿದ್ದರು. ಮೇಡಮ್ಮರ ಕೋಣೆ ತೆರೆದಿತ್ತು. ಗಾಜು ಮೈಕ್ರೋಸ್ಕೋಪಿನ ಮೇಲೆಯೇ ಇತ್ತು. ಅಂಚಿನ ಸಂಖ್ಯೆ ನೋಡಿದೆ. ಆಸ್ಪತ್ರೆಯಲ್ಲಿ ಅದನ್ನು ನಾನೇ ಓದಿ ಬಾಯಿಪಾಠ ಮಾಡಿಕೊಂಡಿದ್ದೆ. ದೀಪ ಹಾಕಿದೆ. ಲೆನ್ಸನ್ನು ತಿರುಗಿಸಿ ನೇರವಾಗಿ ಅತಿ ಹತ್ತಿರಕ್ಕೆ, ನಲವತ್ತಕ್ಕೆ ಹೋದೆ.

ಜೀವಕೋಶಗಳು ಕಿಕ್ಕಿರಿದಿದ್ದವು. ದಪ್ಪ ದಪ್ಪ ಕೋಶಕೇಂದ್ರಗಳು. ಒಂದು ಕೋಶ ಇಬ್ಭಾಗವಾಗುತ್ತಿತ್ತು. ಗಾಜು ಸರಿಸಿದೆ. ಇನ್ನೊಂದು. ಮತ್ತೆ ಸರಿಸಿದೆ. ಮತ್ತೊಂದು. ಎಲ್ಲಿ ನೋಡಿದರೂ ಒಡೆದು ಒಡೆದು ಹೆಚ್ಚುತ್ತಿರುವ ಕೋಶಗಳು. ಕಾರಿಡಾರಿನಲ್ಲಿ ಯಾರೋ ನಕ್ಕ ಸದ್ದಾಯಿತು. ದೀಪ ಆರಿಸಿ ಎದ್ದೆ.

ಸಾರ್ಕೋಮಾ. ನನಗೆ ಸಂಶಯವೇ ಉಳಿಯಲಿಲ್ಲ.

ಆ ಸಂಜೆ ಮೇಡಂ ಎದುರಾದರು. ಅವರ ಮುಖದಲ್ಲಿ ಎಂದಿನಂತೆ ಏನೂ ಇರಲಿಲ್ಲ. “ಇನ್ನೂ ನೋಡ್ತಿದೀನಿ,” ಎಂದಷ್ಟೇ ಹೇಳಿದರು. ಅದನ್ನು ನಾನು ಕರುಣೆ ಎಂದುಕೊಂಡೆ. ಕೆಟ್ಟ ಸುದ್ದಿಯನ್ನು ಒಂದೆರಡು ದಿನ ಮುಂದೂಡುತ್ತಿದ್ದಾರೆ ಎಂದುಕೊಂಡೆ.

ಮನೆಯಲ್ಲಿ ನನ್ನ ಬಾಯಿಗೆ ಬೀಗ ಬಿತ್ತು. ಊಟಕ್ಕೆ ಕೂತರೆ ಅತ್ತಿಗೆ ಬಡಿಸುವ ಬಲಗೈಯನ್ನೇ ನೋಡುತ್ತಿದ್ದೆ. ಅವರು ನೋಡಿದರೆ ಕಣ್ಣು ತಪ್ಪಿಸುತ್ತಿದ್ದೆ. “ರಿಪೋರ್ಟ್ ಬಂತೇನೋ?” ಎಂದು ಅಣ್ಣ ಕೇಳಿದರೆ, “ಇಲ್ಲ.” “ಯಾವಾಗ ಬರತ್ತೆ?” “ಬರತ್ತೆ.” ಅತ್ತಿಗೆ ಏನನ್ನೂ ಕೇಳಲಿಲ್ಲ. ಅವರು ಕೇಳದೇ ಇದ್ದದ್ದು ನನಗೆ ಉಪಕಾರವಾಗಿ ಕಂಡಿತು.

ವಾರದ ಕೊನೆಗೆ ಬೇಕರಿಗೆ ಹೋದೆ. ನಾದುವ ಮೇಜಿನ ಮುಂದೆ ಅಣ್ಣ ನಿಂತಿದ್ದ. ಮೈಯೆಲ್ಲ ಹಿಟ್ಟು. ಅತ್ತಿಗೆ ಪಕ್ಕದಲ್ಲಿ ಸ್ಟೂಲಿನ ಮೇಲೆ ಕೂತು ಹೇಳಿಕೊಡುತ್ತಿದ್ದರು.

“ಅದನ್ನ ಹೊಡೀಬೇಡ್ರೀ, ಅದೇನು ನಿಮಗೆ ಸಾಲ ಕೊಡಬೇಕಾ? ಅಂಗೈ ಬುಡದಿಂದ ತಳ್ಳಿ. ತಳ್ಳಿ, ಮಡಚಿ, ತಿರುಗಿಸಿ.”

“ಇಷ್ಟು ವರ್ಷ ಒಲೆ ಮುಂದೆ ಬೇಯಿಸಿದ್ದು ಸಾಲದೂಂತ ಈಗ ಇದಕ್ಕೂ ಹಾಕಿದಾಳೆ ನೋಡೋ,” ಎಂದ ಅಣ್ಣ. ಮಾತು ನಗೆಯದು. ದನಿಯಲ್ಲಿ ನಗೆ ಇರಲಿಲ್ಲ.

ನಾನು ಅತ್ತಿಗೆಯನ್ನು ನೋಡಿದೆ. ಅವರು ನೇರವಾಗಿ ನನ್ನನ್ನೇ ನೋಡುತ್ತಿದ್ದರು.

“ಯಾಕೆ ಅತ್ತಿಗೆ ಈಗ್ಲೇ ಇದೆಲ್ಲ? ರಿಪೋರ್ಟೇ ಬಂದಿಲ್ಲ.”

“ನಿನ್ನ ಮುಖ ಬಂದಿದೆಯಲ್ಲ.” ಸಮಾಧಾನದಿಂದ ಮುಂದುವರಿಸಿದರು. “ನೀನು ಚಿಕ್ಕೋನಿದ್ದಾಗ ಸುಮ್ನಿದ್ರೆ ಅದು ಬೇರೆ ಥರ ಇತ್ತು. ಈಗಿಂದು ನನಗೆ ಅರ್ಥ ಆಗತ್ತೆ ಮಾರಾಯ. ಹೋಗೋದು ಹೋಗ್ಲಿ. ಹೋಗೋಕೆ ಮುಂಚೆ ಕಲಿಸಿದ್ರೆ ಒಂದಷ್ಟು ಉಳಿಯತ್ತೆ.”

ನಾನು ಹೊರಗೆ ಬಂದು ಬೀದಿಯಲ್ಲಿ ನಿಂತೆ. ಎದುರುಗಡೆ ಒಬ್ಬರು ಅಂಗಡಿಯ ಷಟರ್ ಎಳೆಯುತ್ತಿದ್ದರು. ಆ ದೊಡ್ಡ ಸದ್ದಿನಲ್ಲಿ ಅಳು ಬಂದರೆ ಯಾರಿಗೂ ಕೇಳಿಸದು ಎಂದುಕೊಂಡೆ. ಅಳು ಬರಲಿಲ್ಲ. ಸುಮ್ಮನಿದ್ದರೆ ಯಾರಿಗೂ ನೋವಾಗುವುದಿಲ್ಲ ಎಂದು ಇಷ್ಟು ವರ್ಷ ನಂಬಿದ್ದೆ. ಈಗ ಒಂದು ಮಾತೂ ಆಡದೆ ನಾನು ಅತ್ತಿಗೆಯ ಕೈಯನ್ನು ಅವರಿಂದಲೇ ಕಳಚಿಸಿ ಇಡುತ್ತಿದ್ದೆ.

ಅದರ ಮುಂದಿನ ದಿನಗಳಲ್ಲೇ ನನ್ನ ಸಂಶೋಧನೆಯ ಹೊಸ ಕಂತು ಬಂತು. ಕಂತು ಎಂದರೆ ಹೀಗೆ: ಹಳೆಯ, ಹೊಸ ಗಾಜುಗಳನ್ನು ಕಲಸಿ, ಮೇಡಂ ಒಬ್ಬರೇ ಕೂತು ಪ್ರತಿಯೊಂದರ ಸಂಖ್ಯೆಯ ಮೇಲೆ ಬಿಳಿ ಚೀಟಿ ಅಂಟಿಸಿ ಬೇರೆ ಗುರುತು ಬರೆಯುತ್ತಾರೆ. ಯಾರದು, ಯಾವ ವಯಸ್ಸು, ಮೊದಲು ಯಾರು ಏನೆಂದಿದ್ದರು ಎಂಬುದು ಓದುವವರಿಗೆ ತಿಳಿಯದು. ನಾನು, ನನ್ನ ಸಹಪಾಠಿ ಗಿಣಿ, ಮತ್ತು ವಿಭಾಗದ ಹಿರಿಯ ಸರ್ ಒಬ್ಬರು, ಮೂವರೂ ಬೇರೆ ಬೇರೆಯಾಗಿ ನೋಡಿ ಅಭಿಪ್ರಾಯ ಬರೆದಿಡಬೇಕು. ಗಿಣಿಯ ಅಡ್ಡಹೆಸರು ಯಾಕೆಂದು ಅವಳ ಪಕ್ಕ ಒಂದು ಗಂಟೆ ಕೂತವರಿಗೆ ತಿಳಿಯುತ್ತದೆ. ಆ ಗಾಜುಗಳ ಮುಂದೆ ಮಾತ್ರ ಅವಳೂ ಮಾತಾಡುವುದಿಲ್ಲ.

ಅಂದು ನನಗೆ ಆ ಪೆಟ್ಟಿಗೆ ಸಿಕ್ಕಿದ್ದೇ ಸಮಾಧಾನ. ಯಾರದೋ ಗಂಟುಗಳು. ಒಂದೊಂದನ್ನೂ ಮೊದಲು ಅತಿ ಕಡಿಮೆ ಲೆನ್ಸಿನಲ್ಲಿ, ನಾಲ್ಕರಲ್ಲಿ, ದೂರದಿಂದ ನೋಡಿದೆ. ಇಡೀ ಊರನ್ನು ಬೆಟ್ಟದ ಮೇಲಿಂದ ನೋಡಿ ಆಮೇಲೆ ಬೀದಿಗೆ ಇಳಿಯಬೇಕು ಎಂದು ಮೇಡಂ ಕಲಿಸಿದ ಪಾಠ. ‘ಚ’ ಎಂದು ಗುರುತು ಹಾಕಿದ ಗಾಜು ಬಂತು. ಕೋಶಗಳು ಕ್ಯಾನ್ಸರಿನಲ್ಲಿ ಇರುವಂತೆ ಒತ್ತೊತ್ತಾಗಿ ಕಟ್ಟಿಕೊಂಡಿರಲಿಲ್ಲ. ಸಡಿಲವಾಗಿ, ಗಾಳಿಯಾಡುವಂತೆ ಹರಡಿದ್ದವು. ನಡುವೆ ಅಲ್ಲಲ್ಲಿ ಕೆಂಪು ರಕ್ತಕಣಗಳು ಸೋರಿದ್ದವು. ಆಮೇಲೆ ಹತ್ತಿರ ಹೋದೆ. ಒಡೆಯುತ್ತಿರುವ ಕೋಶಗಳು ಬಹಳ ಇದ್ದವು. ಆದರೆ ಪ್ರತಿಯೊಂದೂ ಸರಿಯಾಗಿ, ಅಚ್ಚುಕಟ್ಟಾಗಿ ಎರಡಾಗುತ್ತಿತ್ತು. ವಿಕಾರವಾಗಿ ಒಡೆದದ್ದು ಒಂದೂ ಸಿಗಲಿಲ್ಲ. ಹುಡುಕಿದೆ, ನಿಜವಾಗಿಯೂ ಹುಡುಕಿದೆ. ‘ಸೋಗಿನ ಗಂಟು. ಕ್ಯಾನ್ಸರ್ ಅಲ್ಲ’ ಎಂದು ಬರೆದು ಮುಂದಿನದಕ್ಕೆ ಹೋದೆ.

ಎಲ್ಲರೂ ಸೇರಿ ಚರ್ಚಿಸುವ ದಿನ ಮೇಡಂ ‘ಚ’ ಗಾಜನ್ನು ತೆಗೆದು ಇಟ್ಟರು. ಸರ್ ಸಾರ್ಕೋಮಾ ಎಂದು ಬರೆದಿದ್ದರು. ಗಿಣಿಯೂ ಸಾರ್ಕೋಮಾ ಎಂದು ಬರೆದು ಪಕ್ಕದಲ್ಲಿ ಪ್ರಶ್ನಾರ್ಥಕ ಹಾಕಿದ್ದಳು.

“ನೀನೊಬ್ಬನೇ ಬೇರೆ,” ಎಂದರು ಮೇಡಂ ನನಗೆ. “ಯಾಕೆ ಹೇಳು.”

ನಾನು ಹೇಳಿದೆ. ಸರ್ ಒಪ್ಪಲಿಲ್ಲ. “ಇಷ್ಟೊಂದು ಕೋಶ ಒಡೀತಿವೆ. ಇದನ್ನ ಬಿಟ್ಟು ಮನೆಗೆ ಕಳಿಸ್ತೀಯಾ? ನಾಳೆ ಅದು ಶ್ವಾಸಕೋಶಕ್ಕೆ ಹೋಗಿ ಕೂತ್ರೆ?”

“ಒಡೆಯೋದು ಎಷ್ಟು ಅಂತಲ್ಲ ಸರ್, ಹೇಗೆ ಅಂತ. ಒಂದೇ ಒಂದು ವಿಕಾರವಾದದ್ದು ತೋರಿಸಿ.”

“ಚೂರು ಚಿಕ್ಕದಿದೆ. ತೋರಿಸೋಕೆ ಸಿಗದೇ ಇರಬಹುದು.”

“ಸಿಗದೇ ಇರೋದನ್ನ ಇದೆ ಅಂತ ಹೇಗೆ ಬರೆಯೋದು? ಈ ಮನುಷ್ಯನ ಕೈನೋ ಕಾಲೋ ತೆಗೆದುಬಿಡ್ತಾರೆ ಸರ್!”

ಗಿಣಿ ಮೇಜಿನ ಕೆಳಗೆ ನನ್ನ ಕಾಲು ತುಳಿದಳು. “ಉಪವಾಸ ಇದೀಯಾ? ಸ್ವಲ್ಪ ತಗ್ಗು,” ಎಂದು ಪಿಸುಗುಟ್ಟಿದಳು. ಅಷ್ಟು ದನಿಯೆತ್ತಿ ನಾನು ಮಾತಾಡಿದ್ದನ್ನು ಆ ಕೋಣೆ ಅದಕ್ಕೆ ಮೊದಲು ಕೇಳಿರಲಿಲ್ಲ. ಸರ್ ಮತ್ತೆ ಕಣ್ಣಿಟ್ಟು ಬಹಳ ಹೊತ್ತು ನೋಡಿದರು. ಅವರು ನೇರ ಮನುಷ್ಯ. “ಸಡಿಲ ಇದೆ, ಅದು ನಿಜ,” ಎಂದರು. “ಜೀನ್ ಪರೀಕ್ಷೆ ಮಾಡಿಸೋವರೆಗೂ ಯಾರೂ ಚಾಕು ಮುಟ್ಟಬಾರದು. ಅಷ್ಟು ಒಪ್ತೀನಿ.”

ಅವರಿಬ್ಬರೂ ಹೋದ ಮೇಲೆ ಮೇಡಂ ನನಗೆ ಕೂತಿರುವಂತೆ ಕೈ ಮಾಡಿದರು. ಉಗುರಿನಿಂದ ‘ಚ’ ಗಾಜಿನ ಬಿಳಿ ಚೀಟಿಯನ್ನು ಕೆರೆದು ತೆಗೆದು, ಗಾಜನ್ನು ನನ್ನ ಮುಂದೆ ಇಟ್ಟರು.

ಅಂಚಿನಲ್ಲಿ ನನಗೆ ಬಾಯಿಪಾಠವಾದ ಸಂಖ್ಯೆ ಇತ್ತು.

ಬೆರಳಿನಿಂದ ಒಂದೊಂದೇ ಅಂಕಿ ಮುಟ್ಟಿ ಓದಿಕೊಂಡೆ. ಕೊನೆಗೆ, “ನಾನು ಇದನ್ನ ಮೊದಲೇ ನೋಡಿದ್ದೆ ಮೇಡಂ. ನೀವಿಲ್ಲದಾಗ,” ಎಂದೆ.

“ಗೊತ್ತು. ಲೆನ್ಸನ್ನ ನೀನು ನಲವತ್ತಕ್ಕೆ ಬಿಟ್ಟು ಹೋಗಿದ್ದೆ. ನಾನು ಎದ್ದು ಹೋಗುವಾಗ ಯಾವತ್ತೂ ನಾಲ್ಕಕ್ಕೇ ತಿರುಗಿಸಿ ಹೋಗೋದು.”

“ಬೈಲಿಲ್ಲ ನೀವು.”

“ಬೈದಿದ್ರೆ ನೀನು ಹುಷಾರಾಗಿಬಿಡ್ತಿದ್ದೆ. ಆಮೇಲೆ ಈ ಕಂತಿನ ಒಂದೊಂದು ಗಾಜಲ್ಲೂ ನಿಮ್ಮತ್ತಿಗೇನೇ ಹುಡುಕ್ತಿದ್ದೆ.” ಕನ್ನಡಕ ತೆಗೆದು ಸೆರಗಿಗೆ ಒರೆಸಿಕೊಂಡರು. “ಇದು ನೀನು ಅವತ್ತು ನೋಡಿದ ಗಾಜಲ್ಲ. ಅದೇ ಮೇಣದಿಂದ ಇನ್ನೂ ಆಳಕ್ಕೆ ಹೋಗಿ ಬೇರೆ ಎಳೆ ಸೀಳಿಸಿದೆ. ಬಣ್ಣ ಸ್ವಲ್ಪ ತಿಳಿ ಹಾಕಿಸಿದೆ. ನನಗೆ ಮೊದಲ ದಿನವೇ ಸೋಗಿನ ಗಂಟು ಇರಬಹುದು ಅನ್ನಿಸಿತ್ತು. ಆದ್ರೆ ನನ್ನದು ಒಂದೇ ಅಭಿಪ್ರಾಯ, ಅದೂ ಶಿಷ್ಯನ ಮನೆಯವರ ವಿಷಯದಲ್ಲಿ. ನನ್ನ ಮನಸ್ಸು ಎಲ್ಲಾದರೂ ಒಳ್ಳೇದನ್ನೇ ನೋಡೋಕೆ ಹವಣಿಸ್ತಿದೆಯಾ ಅಂತ ನನಗೇ ಅನುಮಾನ. ಈ ಜಾತಿ ಗಂಟು ಇಲ್ಲಿ ಎಲ್ಲರಿಗಿಂತ ಹೆಚ್ಚು ನೋಡಿರೋನು ನೀನು. ನಿನ್ನ ಕಣ್ಣು ಬೇಕಿತ್ತು. ನಿನ್ನ ಭಯ ಬೇಕಿರಲಿಲ್ಲ.”

“ಅವತ್ತು ನನಗೆ ಸಾರ್ಕೋಮಾನೇ ಕಂಡಿತ್ತು ಮೇಡಂ. ಸಂಶಯಾನೇ ಇರಲಿಲ್ಲ.”

“ಕಾಮಾಲೆ ಕಣ್ಣಿಗೆ ಲೋಕವೆಲ್ಲ ಹಳದಿ. ಹೆದರಿದವನು ನೇರ ಹತ್ತಿರಕ್ಕೇ ಹೋಗ್ತಾನೆ. ಅಷ್ಟು ಹತ್ತಿರದಿಂದ ನೋಡಿದ್ರೆ ಸೋಗಿನ ಗಂಟೇನು, ವಾಸಿಯಾಗ್ತಿರೋ ಗಾಯ ಕೂಡ ರಾಕ್ಷಸನ ಥರ ಕಾಣತ್ತೆ.” ನನ್ನ ಮುಖವನ್ನು ನೋಡಿ, ಆಮೇಲೆ ಕೇಳಿದರು, “ಮನೇಲಿ ಏನು ಹೇಳಿದೀಯ?”

“ಏನೂ ಹೇಳಿಲ್ಲ.”

“ಏನೂ ಅಂದ್ರೆ?”

ಬೇಕರಿಯಲ್ಲಿ ನಡೆದದ್ದನ್ನು ಹೇಳಿದೆ. ಅವರು ಕೇಳಿಸಿಕೊಂಡರು. ಅವರ ಮುಖದಲ್ಲಿ ಮೊದಲ ಸಲ ಏನೋ ಕದಲಿತು.

“ಗಾಜಿನ ಮುಂದೆ ಸುಮ್ನಿರು ಅಂತ ನಾನು ಹೇಳಿದ್ದು ಹೌದು. ಮನುಷ್ಯರ ಮುಂದೆ ಸುಮ್ನಿರು ಅಂತ ಯಾರಪ್ಪ ಹೇಳಿದ್ದು ನಿನಗೆ? ಎದ್ದೇಳು. ಇನ್ನೂ ಖಚಿತ ಆಗಿಲ್ಲ, ನೋಡ್ತಾ ಇದೀವಿ, ಆಸೆ ಇದೆ. ಈ ಮೂರು ಮಾತೂ ನಿಜ. ಹೋಗಿ ಹೇಳು. ಬೈಸ್ಕೊಂಡು ಬಾ.”

ಹೋಗಿ ಹೇಳಿದೆ. ಎಲ್ಲವನ್ನೂ ಹೇಳಿದೆ. ಕದ್ದು ನೋಡಿದ್ದು, ಕ್ಯಾನ್ಸರ್ ಎಂದು ನಂಬಿದ್ದು, ಆಮೇಲೆ ಯಾರದೆಂದು ತಿಳಿಯದೆ ಅದೇ ಗಂಟನ್ನು ನೋಡಿ ಅಲ್ಲ ಎಂದದ್ದು. ಅತ್ತಿಗೆ ಪೂರ್ತಿ ಕೇಳಿದರು. ನಡುವೆ ಒಂದು ಸಲ ಕುರ್ಚಿಯ ತೋಳು ಹಿಡಿದುಕೊಂಡರು.

“ಅಂದ್ರೆ ನಾನು ಅಂತ ಗೊತ್ತಿದ್ದಾಗ ಸಾಯಿಸಿಬಿಟ್ಟೆ. ಗೊತ್ತಿಲ್ಲದಾಗ ಬದುಕಿಸಿದೆ.”

“ಇನ್ನೂ ಖಚಿತ ಇಲ್ಲ ಅತ್ತಿಗೆ. ಪರೀಕ್ಷೆ ಒಂದಿದೆ.”

“ಇರಲಿ. ಅದು ಬಂದ ಹಾಗೆ ಬರಲಿ. ಇಷ್ಟು ದಿನ ನಾನು ಕತ್ತಲಲ್ಲಿ ಒಬ್ಬಳೇ ಕೂತಿದ್ದೆ ಕಣೋ. ನೀನು ಬಾಗಿಲ ಆಚೆ ನಿಂತಿದೀಯ ಅಂತ ಗೊತ್ತಿತ್ತು. ಒಳಗೆ ಬರಬಾರದಿತ್ತಾ?” ಎಂದರು. ಅವರ ಕಣ್ಣು ತುಂಬಿತ್ತು. ಅಣ್ಣ ಒಂದು ಕ್ಷಣ ಇಬ್ಬರನ್ನೂ ನೋಡಿ, “ಅಂದ್ರೆ ನಾನು ನಾದೋದು ನಿಲ್ಲಿಸಬಹುದಾ?” ಎಂದು ಕೇಳಿದ. ಅತ್ತಿಗೆ ಅಳುತ್ತಲೇ, “ನಿಮ್ಮ ಬ್ರೆಡ್ ತಿಂದ ಗಿರಾಕಿಗಳು ಹಲ್ಲಿನ ಡಾಕ್ಟರ್ ಹತ್ರ ಹೋಗ್ತಿದಾರೆ. ಈಗ್ಲೇ ನಿಲ್ಲಿಸಿ,” ಎಂದರು.

ಸೋಗಿನ ಗಂಟಿನಲ್ಲಿ ಒಂದು ಜೀನು ತನ್ನ ಜಾಗ ಬಿಟ್ಟು ಇನ್ನೊಂದರ ಪಕ್ಕಕ್ಕೆ ಹೋಗಿ ಕೂತಿರುತ್ತದೆ. ಸಾರ್ಕೋಮಾದಲ್ಲಿ ಹಾಗಾಗುವುದಿಲ್ಲ ಎನ್ನುವಷ್ಟು ಅಪರೂಪ. ಅದನ್ನು ಪತ್ತೆಹಚ್ಚುವ ಪರೀಕ್ಷೆಗೆ ತೆಳು ಮಾಮ ಮೇಣದಿಂದ ಇನ್ನಷ್ಟು ಎಳೆ ಸೀಳಿಕೊಟ್ಟರು. ಎಲ್ಲ ಮುಂಚಿನಿಂದಲೂ ಗೊತ್ತಿದ್ದು ಒಂದು ಮಾತೂ ಬಿಟ್ಟುಕೊಟ್ಟಿರಲಿಲ್ಲ ಆ ಮನುಷ್ಯ. “ಮೇಡಂ ಬಾಯಿ ಹೊಲಿದಿದ್ರು ನನಗೆ. ನಿನ್ನ ಮುಖ ನೋಡಿದಾಗೆಲ್ಲ ಹೊಲಿಗೆ ಬಿಚ್ಚಿಕೊಳ್ತಿತ್ತು,” ಎಂದರು. ಶಸ್ತ್ರಚಿಕಿತ್ಸೆಯ ಡಾಕ್ಟರು ಗೊಣಗುತ್ತಲೇ ಕಾಯಲು ಒಪ್ಪಿದರು.

ಫಲಿತಾಂಶ ಬಂದದ್ದು ಬೆಳಗಿನ ಹೊತ್ತು. ಜೀನು ಜಾಗ ಬಿಟ್ಟಿತ್ತು. ಮೇಡಂ ಕಾಗದವನ್ನು ನನ್ನ ಕಡೆ ತಳ್ಳಿದರು. ಓದಿದೆ. ಸರ್ ಬಂದು ನನ್ನ ಬೆನ್ನು ತಟ್ಟಿ, “ಅವತ್ತು ಜಗಳ ಆಡಿದ್ದು ಒಳ್ಳೇದಾಯ್ತು,” ಎಂದು ಹೋದರು. ಗಿಣಿಗೆ ಮಾತೇ ಹೊರಡಲಿಲ್ಲ. ಪ್ರಯೋಗಾಲಯದಲ್ಲಿ ಅದೊಂದು ದಾಖಲೆ.

ಆ ಮಧ್ಯಾಹ್ನ ಕಂತಿನ ಪೆಟ್ಟಿಗೆಯನ್ನು ಕಪಾಟಿನಲ್ಲಿ ಇಡಲು ಹೋದವನು ಅಲ್ಲಿಯೇ ನಿಂತುಬಿಟ್ಟೆ. ಸಾಲುಸಾಲು ಗಾಜುಗಳು. ಎಂದೋ ಯಾರದೋ ಕೈಯಿಂದ, ತೊಡೆಯಿಂದ, ಬೆನ್ನಿನಿಂದ ಬಂದವು. ಕೆಲವರು ವಾಸಿಯಾಗಿ ಮನೆಗೆ ಹೋದರು. ಕೆಲವರು ಹೋಗಲಿಲ್ಲ. ಕ್ಯಾನ್ಸರ್ ಅಲ್ಲದಿದ್ದರೂ ಅಂಗ ಕಳೆದುಕೊಂಡವರೂ ಅವರಲ್ಲಿರಬೇಕು. ಆಗ ಈ ಜೀನಿನ ಸುದ್ದಿ ಯಾರಿಗೂ ತಿಳಿದಿರಲಿಲ್ಲ. ಅವರನ್ನೆಲ್ಲ ನೋಡಿ ನೋಡಿಯೇ ನನ್ನ ಕಣ್ಣಿಗೆ ಆ ಸಡಿಲ, ಆ ಅಚ್ಚುಕಟ್ಟು ತಿಳಿದದ್ದು. ತಮ್ಮ ನೋವಿನ ಚೂರು ಒಬ್ಬ ಬೇಕರಿಯ ಹೆಂಗಸಿಗೆ ಆಗಿಬಂತು ಎಂದು ಅವರಲ್ಲಿ ಒಬ್ಬರಿಗೂ ತಿಳಿಯದು. ಹೇಳಲು ಅವರ ಹೆಸರೂ ನನಗೆ ಗೊತ್ತಿಲ್ಲ. ಕಪಾಟಿನ ಬಾಗಿಲನ್ನು ಸದ್ದಾಗದಂತೆ ಮುಚ್ಚಿದೆ. ಆ ಹೊತ್ತಿನಲ್ಲಿ ನನಗೆ ಬಂದ ಕೃತಜ್ಞತೆ ಅಷ್ಟೇ.

ಅತ್ತಿಗೆ ಮಾತ್ರ ಅಷ್ಟಕ್ಕೆ ಬಿಡುವವರಲ್ಲ. ನಿಮ್ಮ ಮೇಡಮ್ಮನ್ನ ನೋಡಲೇಬೇಕು ಎಂದರು. ಮೇಡಂ ರೋಗಿಗಳನ್ನು ನೋಡುವುದಿಲ್ಲ ಎಂದು ಹೇಳಿ ನೋಡಿದೆ. “ನಾನು ರೋಗಿ ಅಲ್ಲ ಅಂತ ಅವರೇ ಅಲ್ವಾ ಬರೆದಿದ್ದು?” ಎಂದರು.

ಬಂದರು. ಮೇಡಂ ಎದ್ದು ನಿಂತರು. ಇಬ್ಬರಿಗೂ ಕೈ ಎಲ್ಲಿಡಬೇಕೆಂದು ತೋಚಲಿಲ್ಲ. ಕೊನೆಗೆ ಮೇಡಂ ತಮಗೆ ಗೊತ್ತಿದ್ದ ಉಪಚಾರವನ್ನೇ ಮಾಡಿದರು. ಮೈಕ್ರೋಸ್ಕೋಪಿನ ಎದುರು ಕೂರಿಸಿ, ಗಾಜು ಇಟ್ಟು, ತಾವು ಇನ್ನೊಂದು ಕಡೆ ಕೂತರು.

“ಇದು ನಾನಾ?”

“ನೀವೇ.”

“ಬಣ್ಣ ಬಹಳ ಚೆನ್ನಾಗಿದೆ.”

“ಬಣ್ಣ ನಮ್ದು,” ಎಂದರು ಬಾಗಿಲಲ್ಲಿ ನಿಂತಿದ್ದ ತೆಳು ಮಾಮ.

“ಹಾಗಾದ್ರೆ ಇದರಲ್ಲಿ ನನ್ನದೇನು?”

“ಗಡಿಬಿಡಿ,” ಎಂದರು ಮೇಡಂ. ಅತ್ತಿಗೆ ನಕ್ಕುಬಿಟ್ಟರು. ಕಣ್ಣು ತೆಗೆದು ಎದುರಿಗಿದ್ದವರನ್ನು ನೋಡಿ, “ನನ್ನ ಕೈ ಉಳಿಸಿದ್ರಿ ನೀವು,” ಎಂದರು.

“ನಾವು ಉಳಿಸಲಿಲ್ಲಮ್ಮ. ಅದಕ್ಕೆ ಏನೂ ಆಗಿರಲಿಲ್ಲ. ಏನೂ ಆಗಿಲ್ಲ ಅಂತ ಧೈರ್ಯವಾಗಿ ಹೇಳೋಕೆ ನಮಗೆ ಇಷ್ಟು ದಿನ ಬೇಕಾಯ್ತು, ಅಷ್ಟೇ.”

“ಆ ಧೈರ್ಯಕ್ಕೇ ಬಂದೆ ನಾನು.”

ಮೇಡಮ್ಮರ ದೃಷ್ಟಿ ಅತ್ತಿಗೆಯ ತೋಳಿನ ಮೇಲಿತ್ತು. ಇಷ್ಟು ವರ್ಷಗಳಲ್ಲಿ ಅವರು ಯಾರ ಮೈಯನ್ನೂ ಮುಟ್ಟಿ ನೋಡಿದ್ದನ್ನು ನಾನು ಕಂಡವನಲ್ಲ. “ನೋಡಲಾ?” ಎಂದು ಕೇಳಿದ ರೀತಿ ಅಪ್ಪಣೆ ಬೇಡಿದ ಹಾಗಿತ್ತು.

ಅತ್ತಿಗೆ ತೋಳು ಚಾಚಿದರು. ಮೇಡಂ ಮೊಣಕೈಯ ಕೆಳಗೆ ಬೆರಳಿಟ್ಟರು. ಒತ್ತಿದರು. ಸ್ವಲ್ಪ ಸರಿಸಿ ಮತ್ತೆ ಒತ್ತಿದರು.

“ಎಲ್ಲಿ?”

“ಇಲ್ಲೇ ಇತ್ತಲ್ಲ.” ಅತ್ತಿಗೆ ಎಡಗೈ ಬೆರಳುಗಳಿಂದ ತಾವೂ ತಡಕಿದರು. “ಮೊನ್ನೆ ಕೂಡ ಇತ್ತು, ಕಡಲೆಕಾಳಿನಷ್ಟು. ನೀನು ನೋಡೋ.”

ನಾನೂ ಬಗ್ಗಿ ನೋಡಿದೆ. ಮೂವರ ಬೆರಳುಗಳು ಆ ತೋಳಿನ ಮೇಲೆ ಒಂದಕ್ಕೊಂದು ತಾಗಿದವು. ಬೆರಳಿಗೆ ಯಾವ ಗಂಟೂ ಸಿಗಲಿಲ್ಲ. ಮೇಡಂ ಕಣ್ಣು ಮುಚ್ಚಿಕೊಂಡು, ಮೊಣಕೈಯಿಂದ ಮಣಿಕಟ್ಟಿನ ತನಕ, ಏನನ್ನೂ ಬಿಡದೆ ಇನ್ನೊಂದು ಸಲ ನಿಧಾನವಾಗಿ ಹುಡುಕಿದರು.